ಗೋಡೆಯ ಮೇಲೆ ಉಳಿದ ಒಂದು

ಅಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿಗೆ ಚುಕ್ಕಿ ಇಟ್ಟು ಮುಗಿಸಿದ್ದೆ. ಇನ್ನು ಎಳೆ ಸೇರಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಎದುರುಮನೆಯ ಪುಟ್ಟತಾಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದು, ಸರಿಯಾಗಿ ಚುಕ್ಕಿಗಳ ನಡುವೆ ನಿಂತು, "ಮಾಲಾ, ಎದ್ದೇಳೇ, ಗೋಡೆ ಬಂತು" ಎಂದರು.

"ಅಕ್ಕಾ, ನಿಮ್ಮ ಕಾಲು" ಎಂದೆ.

"ಕಾಲಿಗೇನು, ತೊಳ್ಕೋತೀನಿ. ನೀನು ಬಾ."

ರಂಗೋಲಿ ಡಬ್ಬಿಯನ್ನು ಹೊಸಿಲ ಮೇಲಿಟ್ಟು ಹೊರಟೆ. ನಮ್ಮ ಊರಿನಲ್ಲಿ ಪ್ರತಿ ಓಣಿಯ ಬಾಯಲ್ಲೂ ಒಂದು ಸುಣ್ಣದ ಗೋಡೆ ಇದೆ. ಪುಷ್ಯ ಮಾಸದ ಯಾವುದಾದರೊಂದು ಬೆಳಿಗ್ಗೆ ಅದರ ಮೇಲೆ ಆ ಓಣಿಯ ಗುರಿ ಮೂಡುತ್ತದೆ. ಯುಗಾದಿಯೊಳಗೆ ಅದು ಆಗಬೇಕು. ಆಗದಿದ್ದರೆ ಮುಂದಿನ ವರ್ಷವಿಡೀ ಆ ಓಣಿಗೆ ಬಿಸಿಲು ತಡವಾಗಿ ಬರುತ್ತದೆ. ಪಕ್ಕದ ಬಳೆಗಾರರ ಓಣಿಗೆ ಹೋದ ಸಲ ನಲವತ್ತು ತೆಂಗಿನ ಸಸಿ ನೆಡುವ ಗುರಿ ಬಂದಿತ್ತು. ಅವರು ಮೊದಲು ಒಂದು ಸಮಿತಿ ಮಾಡಿದರು. ಸಮಿತಿಗೆ ಅಧ್ಯಕ್ಷರು ಯಾರು ಎಂಬುದು ತೀರ್ಮಾನವಾಗುವಾಗ ಫಾಲ್ಗುಣ ಬಂದಿತ್ತು. ಮೂವತ್ತೆಂಟು ಸಸಿ ನೆಟ್ಟರು. ಅಂದಿನಿಂದ ಅಲ್ಲಿ ಹತ್ತು ಗಂಟೆಗೆ ಬೆಳಗಾಗುತ್ತದೆ. ಕೋಳಿಗಳು ಹತ್ತಕ್ಕೆ ಕೂಗುತ್ತವೆ, ಹಾಲಿನವನು ಆ ಓಣಿಗೆ ಎರಡನೇ ಸಲ ಬರುತ್ತಾನೆ, ಶಾಲೆಯಲ್ಲಿ ಆ ಮಕ್ಕಳಿಗಾಗಿ ಇನ್ನೊಂದು ಗಂಟೆ ಹೊಡೆಯುತ್ತಾರೆ. ಅಲ್ಲಿನ ಹೆಂಗಸರು ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಮ್ಮ ತಾರಸಿಗಳಿಗೆ ಬರುತ್ತಾರೆ. ಬಂದವರಿಗೆ ಕಾಫಿ ಕೊಡುವುದು, ಕೊಡುವಾಗ ಸಸಿಗಳ ಯೋಗಕ್ಷೇಮ ವಿಚಾರಿಸುವುದು, ಇವೆರಡೂ ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿವೆ.

ನಮ್ಮದು ಗಾಣದ ಓಣಿ. ಈವರೆಗೆ ಒಂದು ಗುರಿಯನ್ನೂ ತಪ್ಪಿಸಿಕೊಂಡವರಲ್ಲ. ಆರು ವರ್ಷದ ಹಿಂದೆ 'ಹನ್ನೆರಡು ಜಗಳ ಬಗೆಹರಿಯಬೇಕು' ಎಂದು ಬಂದಾಗ, ಎಷ್ಟು ಹುಡುಕಿದರೂ ನಾಲ್ಕೇ ಜಗಳ ಸಿಕ್ಕವು. ಎಂಟನ್ನು ಹೊಸದಾಗಿ ಶುರುಮಾಡಿ ಹನ್ನೆರಡನ್ನೂ ಬಗೆಹರಿಸಿದೆವು. ಗೋಡೆ ಒಪ್ಪಿತು. ಹೊಸ ಎಂಟರಲ್ಲಿ ಮೂರು ಜಗಳ ಯುಗಾದಿ ಕಳೆದ ಮೇಲೆ ಮತ್ತೆ ಹೊತ್ತಿಕೊಂಡು ಇವತ್ತಿಗೂ ನಡೆಯುತ್ತಿವೆ, ಅದು ಬೇರೆ ಮಾತು. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಸಂಡಿಗೆ ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುವವಳು. ಬಿಸಿಲು ಹತ್ತಕ್ಕೆ ಬಂದರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಗೋಡೆಯ ಮುಂದೆ ಆಗಲೇ ಅರ್ಧ ಓಣಿ ಸೇರಿತ್ತು. ಹಸಿ ಸುಣ್ಣದ ಮೇಲೆ ದಪ್ಪ ಅಕ್ಷರ: 'ಕೇಳದೆ ಉಳಿದ ಪ್ರಶ್ನೆಗಳು ಇನ್ನೂರ ಹನ್ನೊಂದು. ಯುಗಾದಿಗೆ ಸೊನ್ನೆ.'

"ಇಷ್ಟೇನಾ?" ಎಂದರು ಪುಟ್ಟತಾಯಮ್ಮ. "ಗುಂಡಿ ತೋಡೋ ಹಾಗಿಲ್ಲ, ಗಾರೆ ಕಲಸೋ ಹಾಗಿಲ್ಲ. ಬಾಯಿ ಇದ್ರೆ ಆಯ್ತು."

ಅಂದು ಸಂಜೆ ಚೆನ್ನವೀರಪ್ಪನವರ ಜಗಲಿಯಲ್ಲಿ ಸಭೆ ಕೂಡಿತು. ಅವರು ನಿವೃತ್ತ ಸರ್ವೆಯರು. ಏನನ್ನು ಕೊಟ್ಟರೂ ಅಳೆದು ಗೆರೆ ಎಳೆದು ಕೊಡುತ್ತಾರೆ. ಹೆಂಡತಿ ತೀರಿಕೊಂಡ ಮೇಲಂತೂ ಅಳೆಯುವುದಕ್ಕೆ ಅವರಿಗೆ ಓಣಿಯೊಂದೇ ಉಳಿದಿದೆ. "ನೋಡ್ರಪ್ಪಾ," ಎಂದರು, "ಇಡೀ ಹಲಸಿನಹಣ್ಣು ಯಾರಾದ್ರೂ ಬಾಯಿಗೆ ಹಾಕ್ಕೋತಾರೇನು? ತೊಳೆ ಬಿಡಿಸ್ಬೇಕು. ಗುರೀನ ಕಾರ್ಯಕ್ರಮ ಮಾಡ್ಬೇಕು, ಕಾರ್ಯಕ್ರಮಾನ ಕೆಲಸ ಮಾಡ್ಬೇಕು, ಕೆಲಸಕ್ಕೆ ಒಬ್ಬೊಬ್ಬರ ಹೆಸರು ಹಾಕ್ಬೇಕು. ಇನ್ನೂರ ಹನ್ನೊಂದು ಪ್ರಶ್ನೆ, ಇಪ್ಪತ್ತೊಂದು ಮನೆ. ಮನೆಗೆ ಹತ್ತು. ಮಿಕ್ಕಿದ ಒಂದು ನನ್ನ ತಲೆ ಮೇಲಿರ್ಲಿ."

ಎಲ್ಲರೂ ಅವರ ದೊಡ್ಡ ಮನಸ್ಸನ್ನು ಮೆಚ್ಚಿಕೊಂಡರು. ಲೆಕ್ಕದ ಪುಸ್ತಕ ಬರೆಯುವ ಕೆಲಸಕ್ಕೆ ನನ್ನ ಹೆಸರು ಬಿತ್ತು. ಅಕ್ಷರ ದುಂಡಗಿದೆ ಎಂಬುದು ಒಂದು ಕಾರಣ. "ನೀನಂತೂ ಮನೇಲೇ ಇರ್ತೀಯಲ್ಲಮ್ಮ" ಎಂಬುದು ಇನ್ನೊಂದು. ದಿನಕ್ಕೆ ಎರಡು ಸೇರು ಅಕ್ಕಿ ರುಬ್ಬಿ, ಕಾಯಿಸಿ, ತಾರಸಿಗೆ ಹೊತ್ತು, ಒಣಗಿಸಿ, ಇಳಿಸುವವಳನ್ನು ನಮ್ಮಲ್ಲಿ ಮನೆಯಲ್ಲೇ ಇರುವವಳು ಎನ್ನುತ್ತಾರೆ.

"ಮಕ್ಕಳನ್ನೂ ಬರ್ಕೊಳ್ಳೋದಾ ಮಾವ?" ಎಂದು ಕೇಳಿದೆ. ನನ್ನ ಮಗಳು ಶಾಂಭವಿ ತೊಡೆಯ ಮೇಲೆ ಕುಳಿತಿದ್ದಳು. ಏಳು ವರ್ಷ ಅವಳಿಗೆ.

ಚೆನ್ನವೀರಪ್ಪನವರು ನಕ್ಕರು. "ಮಕ್ಕಳ ಹತ್ರ ಕೇಳದೆ ಉಳಿಯೋದು ಏನಿದೆಯಮ್ಮಾ? ದಿನಕ್ಕೆ ನೂರು ಕೇಳ್ತವೆ. ಅವನ್ನ ಬಿಡು."

'ಹತ್ತು ವರ್ಷದೊಳಗಿನವರನ್ನು ಬಿಟ್ಟು' ಎಂದು ಮೊದಲ ಪುಟದ ತಲೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದೆ. ಶಾಂಭವಿ ಗೆರೆ ನೇರವಾಗಿ ಬರಲೆಂದು ಪುಸ್ತಕದ ಅಂಚನ್ನು ಹಿಡಿದುಕೊಂಡಿದ್ದಳು.

ಗುರಿ ನಾಲ್ಕೇ ದಿನದಲ್ಲಿ ಮುಗಿಯಿತು. ಊಟ ಆಯ್ತಾ, ಸಾರು ಏನು, ಮಳೆ ಬರಬಹುದಾ, ನಿಮ್ಮ ಬೆಕ್ಕಿಗೆ ವಯಸ್ಸೆಷ್ಟು. ಜನ ಬಾಗಿಲಲ್ಲಿ ಸಾಲಾಗಿ ನಿಂತು ಕೇಳಿ, ನನ್ನಿಂದ ಗುರುತು ಹಾಕಿಸಿಕೊಂಡು ಹೋದರು. ಮೂಲೆಮನೆಯವರು ಹತ್ತನ್ನೂ ಒಂದೇ ಉಸಿರಿಗೆ ಮುಗಿಸಿದರು. ಐದನೆಯ ದಿನ ಚೆನ್ನವೀರಪ್ಪನವರು ಬೂಂದಿ ಪೊಟ್ಟಣದ ಸಮೇತ ಗೋಡೆಯ ಬಳಿ ಹೋದರೆ, ಅಲ್ಲಿ ಇನ್ನೂರ ಹದಿನಾರು ಎಂದಿತ್ತು. ಆ ನಾಲ್ಕು ದಿನದಲ್ಲಿ ಐದು ಜನಕ್ಕೆ ಚೆನ್ನವೀರಪ್ಪನವರ ಬಗ್ಗೆಯೇ ಒಂದೊಂದು ಪ್ರಶ್ನೆ ಹುಟ್ಟಿತ್ತು. ಅವರ ಮುಖ ನೋಡಿ ಯಾರೂ ಕೇಳಿರಲಿಲ್ಲ.

ಗೋಡೆಗೆ ನಿಜವಾಗಿ ಏನು ಬೇಕು ಎಂಬುದು ತಿಳಿದದ್ದು ಪುಟ್ಟತಾಯಮ್ಮನಿಂದ. ಮಾರನೆಯ ವಾರ ನಲ್ಲಿಯ ಬಳಿ ಅವರ ಓರಗಿತ್ತಿ ಗೌರಮ್ಮ ಕೊಡ ಸರಿಸುವಾಗ ಏನೋ ಅಂದರು. ಪುಟ್ಟತಾಯಮ್ಮ ತಟ್ಟನೆ ತಿರುಗಿ, "ಮೂವತ್ತು ವರ್ಷದ ಹಿಂದೆ ನಾನು ಜ್ವರ ಬಂದು ಮಲಗಿದ್ದಾಗ, ನನ್ನ ಎಮ್ಮೇನ ಮಾರಿಬಿಡಿ ಅಂತ ನಮ್ಮೋರಿಗೆ ಹೇಳ್ಕೊಟ್ಟಿದ್ದು ನೀನೇನಾ?" ಎಂದುಬಿಟ್ಟರು. ಅತ್ತ ಗೋಡೆಯ ಮೇಲೆ ಒಂದು ಇಳಿಯಿತು.

ಚೆನ್ನವೀರಪ್ಪನವರು ಅಂದೇ ಯೋಜನೆ ಬದಲಾಯಿಸಿದರು. ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡದ್ದೇ ಆಗಬೇಕು. ಯಾರನ್ನು ಕೇಳಬೇಕೋ ಅವರನ್ನೇ ಕೇಳಬೇಕು. ಬಾಯಿ ಬಿಟ್ಟು ಕೇಳಬೇಕು. ಮಂಗಳವಾರ ಗಂಡ ಹೆಂಡತಿ, ಬುಧವಾರ ಅಣ್ಣತಮ್ಮಂದಿರು, ಶುಕ್ರವಾರ ಅತ್ತೆ ಸೊಸೆ. ಶುಕ್ರವಾರಕ್ಕೆ ಇಬ್ಬರು ಮಧ್ಯಸ್ಥರನ್ನು ನೇಮಿಸಿದರು. ಊರಲ್ಲಿಲ್ಲದವರನ್ನು ಕೇಳಬೇಕಾದವರಿಗೆ ಬಸ್ಸಿನ ವೇಳಾಪಟ್ಟಿ ಬರೆದು ಹಂಚಿದರು.

ಲೆಕ್ಕ ಭರದಿಂದ ಇಳಿಯತೊಡಗಿತು. ಜನ ತಮ್ಮ ಪ್ರಶ್ನೆಯನ್ನು ಕೇಳುತ್ತಿದ್ದರು, ನನ್ನತ್ತ ತಿರುಗುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ, ಅವರು ಹೊರಟುಹೋಗುತ್ತಿದ್ದರು. ಉತ್ತರ ಯಾರಿಗೂ ಬೇಕಿರಲಿಲ್ಲ, ಏಕೆಂದರೆ ಉತ್ತರ ಗುರಿಯಲ್ಲಿರಲಿಲ್ಲ. ಗೌರಮ್ಮ ಎರಡು ವಾರ ಪುಟ್ಟತಾಯಮ್ಮನ ಹಿಂದೆ ತಿರುಗಿದರು. "ಅಕ್ಕಾ, ಎಮ್ಮೆ ವಿಷ್ಯ ಹೇಳ್ತೀನಿ, ಒಂದು ನಿಮಿಷ ನಿಂತ್ಕೊಳ್ಳೇ." ಪುಟ್ಟತಾಯಮ್ಮ ನಿಲ್ಲುತ್ತಿರಲಿಲ್ಲ. "ನಂದು ಮುಗೀತು ಕಣೇ. ಇನ್ನೂ ಏಳು ಬಾಕಿ ಇವೆ, ನೀನೂ ನಿಂದು ನೋಡ್ಕೋ." ಒಂದು ಮಂಗಳವಾರ ಮೂಲೆಮನೆಯ ಹೆಂಗಸು ಇಪ್ಪತ್ತಾರು ವರ್ಷದ ಸಂಸಾರದ ನಂತರ ಗಂಡನೆದುರು ನಿಂತು, "ನಿಮಗೆ ಯಾವತ್ತಾದ್ರೂ ನನ್ನ ಕಂಡ್ರೆ ಇಷ್ಟ ಇತ್ತಾ?" ಎಂದು ಕೇಳಿದಳು. ಆ ಮನುಷ್ಯ ಕನ್ನಡಕ ತೆಗೆದು ಒರೆಸಿ, ನನ್ನ ಕಡೆ ನೋಡಿ, "ಗುರುತು ಹಾಕಿದ್ರಾ ಮಾಲಕ್ಕ? ನಮ್ಮನೇದು ಎಂಟಾಯ್ತಲ್ಲ?" ಎಂದ.

ನಮ್ಮ ಮನೆಯ ಹತ್ತರಲ್ಲಿ ಒಂಬತ್ತು ಸಲೀಸಾಗಿ ಮುಗಿದವು. ನನ್ನ ಗಂಡ ನಟೇಶ ಬೇಕರಿಯಲ್ಲಿ ಕೆಲಸ ಮಾಡುತ್ತಾರೆ. ಕಡಿಮೆ ಮಾತಿನವರು, ಬ್ರೆಡ್ಡಿಗೆ ಮಾತು ಬೇಕಿಲ್ಲ ಎನ್ನುತ್ತಾರೆ. ಹತ್ತನೆಯದನ್ನು ಅವರು ಮಂಗಳವಾರವಲ್ಲದ ದಿನ ಕೇಳಿದರು. ನಾನು ಅಕ್ಕಿ ತೊಳೆಯುತ್ತಿದ್ದೆ. "ಆವತ್ತು ಆಸ್ಪತ್ರೇಲಿ ನಾನು ಬಾಗಿಲ ಹೊರಗೇ ನಿಂತುಬಿಟ್ಟೆನಲ್ಲಾ. ಒಳಗೆ ಬರಬಾರದಾಗಿತ್ತಾ ಅಂತ ನಿನಗೆ ಅನ್ನಿಸ್ತಾ?"

ಹೋದ ಆಷಾಢದಲ್ಲಿ ನಾನು ಏಳು ತಿಂಗಳ ಬಸುರಿಯಾಗಿ ಆಸ್ಪತ್ರೆಗೆ ಹೋಗಿ ಬರಿಗೈಯಲ್ಲಿ ಮನೆಗೆ ಬಂದೆ. ಗಂಡುಮಗು. ಬದುಕಿರಲಿಲ್ಲ. ಆ ಮೇಲೆ ಮನೆಯಲ್ಲಿ ಅದರ ಮಾತೆತ್ತಿದವರು ಯಾರೂ ಇಲ್ಲ. ನಾನು ಅಕ್ಕಿಯ ನೀರು ಬಸಿದು, "ಅನ್ನಿಸ್ತು ರೀ" ಎಂದೆ. ಅವರು ತಲೆಯಾಡಿಸಿದರು. ಅಲ್ಲೇ ಕುಳಿತು, ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಉಳಿದ ಅಕ್ಕಿಯನ್ನು ಅವರೇ ತೊಳೆದರು. ಆ ಪ್ರಶ್ನೆಗೆ ಗುರುತು ಹಾಕುವುದು ನನಗೆ ಮರುದಿನದವರೆಗೂ ನೆನಪಾಗಲಿಲ್ಲ.

ಯುಗಾದಿಗೆ ಒಂದು ವಾರ ಇರುವಾಗ ಗೋಡೆಯ ಮೇಲೆ ಒಂದು ಮಾತ್ರ ಉಳಿದಿತ್ತು. ಮರುದಿನವೂ ಒಂದು. ಅದರ ಮರುದಿನವೂ ಒಂದು.

ಮಿಕ್ಕಿದ ಒಂದನ್ನು ತಲೆಯ ಮೇಲೆ ಹೊತ್ತವರು ಚೆನ್ನವೀರಪ್ಪನವರು. ಅದು ತಮ್ಮದೇ ಎಂದು ಅವರು ನಂಬಿದರು. ಬಸ್ಸು ಹಿಡಿದು ಹೋಗಿ, ಹಳೆಯ ಮೇಲಧಿಕಾರಿಯನ್ನು ಹುಡುಕಿ, ತನಗೆ ಬಡ್ತಿ ಯಾಕೆ ಕೊಡಲಿಲ್ಲ ಎಂದು ಕೇಳಿ ಬಂದರು. ಗೋಡೆ ಅಲುಗಲಿಲ್ಲ. ಹೆಂಡತಿಯ ಫೋಟೋದ ಮುಂದೆ ನಿಂತು ಏನೋ ಕೇಳಿದರಂತೆ. ಏನೆಂದು ನಾವು ವಿಚಾರಿಸಲಿಲ್ಲ. ಆಗಲೂ ಅಲುಗಲಿಲ್ಲ. ಆಮೇಲೆ ಓಣಿಯಲ್ಲಿ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವುದು ಶುರುವಾಯಿತು. "ಆ ಮನೇಲಿ ಯಾವಾಗ್ಲೂ ಏನೋ ಮುಚ್ಚಿಡ್ತಾರೆ" ಎಂದು ಈ ಮನೆಯವರು, "ಇವರದ್ದೇ ಇರ್ಬೇಕು, ಮುಖ ನೋಡಿದ್ರೆ ಗೊತ್ತಾಗಲ್ವಾ" ಎಂದು ಆ ಮನೆಯವರು. ಬಳೆಗಾರರ ಓಣಿಯ ಹೆಂಗಸರು ಬಟ್ಟೆ ಒಣಹಾಕಲು ಬಂದವರು ಗೋಡೆಯ ಮುಂದೆ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಲ್ಲುತ್ತಿದ್ದರು. "ಯೋಚ್ನೆ ಮಾಡ್ಬೇಡಿ ಮಾಲಕ್ಕ," ಎಂದಳು ಅವರಲ್ಲೊಬ್ಬಳು, ನಾನು ಕೊಟ್ಟ ಕಾಫಿ ಕುಡಿಯುತ್ತಾ. "ಹತ್ತು ಗಂಟೆ ಬಿಸಿಲೂ ಒಗ್ಗುತ್ತೆ. ನಿದ್ದೆ ಚೆನ್ನಾಗಿ ಬರುತ್ತೆ. ಸಂಡಿಗೆ ಒಂದು ಸ್ವಲ್ಪ ಹುಳಿ ಹುಳಿ ಆಗುತ್ತೆ ಅಷ್ಟೆ."

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ನಾನು ಪುಸ್ತಕ ತೆರೆದು ಪುಟ ಪುಟವನ್ನೂ ಮತ್ತೆ ನೋಡುತ್ತಿದ್ದೆ. ಪುಟ್ಟತಾಯಮ್ಮ ಮಾವಿನ ಸೊಪ್ಪು ಕೊಡಲು ಬಂದವರು ಹೆಗಲ ಮೇಲಿಂದ ಬಗ್ಗಿ ನೋಡಿದರು. ಅವರಿಗೆ ಓದಲು ಅಷ್ಟಾಗಿ ಬರುವುದಿಲ್ಲ. "ಇದೇನೇ ಮೇಲುಗಡೆ, ಗೆರೆ ಹೊಡೆದಿರೋದು?"

ಓದಿ ಹೇಳಿದೆ. ಹತ್ತು ವರ್ಷದೊಳಗಿನವರನ್ನು ಬಿಟ್ಟು.

ಅವರು ಸೊಪ್ಪನ್ನು ಕೆಳಗಿಟ್ಟರು. ನನ್ನ ಪಕ್ಕ ಕುಳಿತರು. ಮೆಲ್ಲಗೆ ಕೇಳಿದರು, ಆ ದನಿಯೇ ಅವರಿಗೆ ಹೊಸದು. "ಮಾಲಾ, ನಿನ್ನ ಮಗಳು ಏನಾದ್ರೂ ಕೇಳಿ ಎಷ್ಟು ದಿನ ಆಯ್ತೇ?"

ನಾನು ಲೆಕ್ಕ ಹಾಕಲು ಹೋದೆ. ಹಾಕಲಾಗಲಿಲ್ಲ. ಇದೇ ಹುಡುಗಿ ಒಂದು ಕಾಲಕ್ಕೆ, ಹಪ್ಪಳ ಎಣ್ಣೆಯಲ್ಲಿ ಯಾಕೆ ದೊಡ್ಡದಾಗುತ್ತೆ, ಮತ್ತೆ ನಾವು ಸ್ನಾನದ ನೀರಲ್ಲಿ ಯಾಕೆ ಆಗಲ್ಲ ಎಂದು ನನ್ನ ತಲೆ ತಿನ್ನುತ್ತಿದ್ದಳು. ಆಸ್ಪತ್ರೆಯಿಂದ ಬಂದ ದಿನ ಅವಳನ್ನು ಹತ್ತಿರ ಕರೆದು, "ಪಾಪು ಬರಲಿಲ್ಲ ಕಂದಾ" ಎಂದಿದ್ದೆ. ಅವಳು ಹೂಂ ಎಂದಿದ್ದಳು. ಆಮೇಲೆ ಒಂದು ಪ್ರಶ್ನೆಯೂ ಇಲ್ಲ. ಕೊಟ್ಟದ್ದನ್ನು ಉಣ್ಣುವುದು, ಹೇಳಿದ್ದನ್ನು ಮಾಡುವುದು, ಕಾಗೆ ಓಡಿಸಲು ತಾರಸಿಯಲ್ಲಿ ಕೂರುವುದು. ಎಷ್ಟು ಜಾಣೆ, ತಾಯಿಯನ್ನು ಸ್ವಲ್ಪವೂ ಕಾಡಿಸುವುದಿಲ್ಲ ಎಂದು ಓಣಿಯೆಲ್ಲ ಹೊಗಳಿತು. ಹೊಗಳಿದವರಿಗೆ ಹೌದು ಎಂದವಳು ನಾನು. ಎಂಟು ತಿಂಗಳು ನನಗೆ ಅದು ವಿಶ್ರಾಂತಿ ಎನ್ನಿಸಿತ್ತು. ಎರಡು ತಿಂಗಳಿಂದ ಊರವರ ಕೇಳದ ಪ್ರಶ್ನೆಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ, ಪುಸ್ತಕದ ಅಂಚನ್ನು ಅವಳ ಕೈಯಲ್ಲಿ ಹಿಡಿಸಿ.

ಪುಟ್ಟತಾಯಮ್ಮ ಯಾರಿಗೂ ಹೇಳುವುದಿಲ್ಲ ಎಂದು ಹೋದರು. ಅರ್ಧ ಗಂಟೆಯಲ್ಲಿ ಚೆನ್ನವೀರಪ್ಪನವರು ಹತ್ತು ಹನ್ನೆರಡು ಜನರೊಂದಿಗೆ ನಮ್ಮ ಬಾಗಿಲಲ್ಲಿದ್ದರು. ಕೈಯಲ್ಲಿ ಮಡಚಿದ ಕಾಗದ. ಅಷ್ಟರಲ್ಲೇ ಯೋಜನೆ ಸಿದ್ಧವಾಗಿತ್ತು: ಮೊದಲು ಬೂಂದಿ, ಆಮೇಲೆ ಬೊಂಬೆ, ಆಮೇಲೆ ಪ್ರಶ್ನೆ. ಶಾಂಭವಿಯನ್ನು ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿದರು. ನಾನೂ ಸುಮ್ಮನೆ ನೋಡುತ್ತಾ ನಿಂತೆ. ಬಿಸಿಲಿನ ಆಸೆ ನನಗೂ ಇತ್ತು.

"ಪುಟ್ಟಾ, ಏನ್ ಬೇಕಾದ್ರೂ ಕೇಳು. ತಾತ ಬಯ್ಯಲ್ಲ," ಎಂದರು ಚೆನ್ನವೀರಪ್ಪನವರು.

"ಕೇಳಮ್ಮ ಚಿನ್ನ, ಬೊಂಬೆ ಕೊಡ್ತೀವಿ."

"ನಾಚ್ಕೋಬಾರ್ದು. ನೋಡು, ನಾವೆಲ್ಲಾ ಕೇಳಿಲ್ವಾ? ಏನಾಯ್ತು? ಏನೂ ಆಗ್ಲಿಲ್ಲ."

"ಮಧ್ಯಾಹ್ನದೊಳಗೆ ಕೇಳಿದ್ರೆ ಒಳ್ಳೇದು," ಎಂದ ಮೂಲೆಮನೆಯವನು.

ಶಾಂಭವಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬೂಂದಿಯನ್ನು ಬಾಯಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲಿ ಹಿಡಿದಿದ್ದಳು. ಬೆರಳಿನ ಸಂದಿಯಿಂದ ಎಣ್ಣೆ ಜಿನುಗುತ್ತಿತ್ತು. ಕೊನೆಗೆ ನನ್ನನ್ನು ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದವರು ನೋಡುವ ಹಾಗೆ ನೋಡಿದಳು. "ಏನಿಲ್ಲ ತಾತ," ಎಂದಳು.

"ಇದೆ ಪುಟ್ಟಾ, ಗೋಡೆ ಮೇಲೆ ಬರೆದಿದೆಯಲ್ಲಾ."

"ಸಾಕು ಮಾವ," ಎಂದೆ ನಾನು. ದನಿ ಜೋರಾಯಿತೇನೋ, ಹೊಸಿಲಲ್ಲಿ ನಿಂತವರು ಹಿಂದೆ ಸರಿದರು. "ಎಲ್ಲರೂ ಮನೆಗೆ ಹೋಗಿ."

"ಮಾಲಾ, ಇಡೀ ಓಣಿ ವಿಷ್ಯ ಕಣಮ್ಮ. ನಿನ್ನ ಸಂಡಿಗೆ ಗತಿ ಏನು?"

"ಹುಳಿ ಆಗ್ಲಿ ಬಿಡಿ. ಹತ್ತಕ್ಕೆ ಬರ್ಲಿ ಬಿಸಿಲು, ಹನ್ನೆರಡಕ್ಕೇ ಬರ್ಲಿ. ನನ್ನ ಮಗಳ ಬಾಯಿಂದ ಯಾರೂ ಏನೂ ಹೊರಡಿಸೋದು ಬೇಡ."

ಪುಸ್ತಕವನ್ನು ಚೆನ್ನವೀರಪ್ಪನವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದುಹೋದರು. ಹೊರಗೆ ಯಾರೋ, "ಅವಳಿಗೇನು, ಗಂಡನಿಗೆ ಬೇಕರಿ ಕೆಲಸ ಇದೆ" ಎಂದದ್ದು ಕೇಳಿಸಿತು. ಪುಟ್ಟತಾಯಮ್ಮ ಕೊನೆಯಲ್ಲಿ ಉಳಿದವರು, "ತಪ್ಪಾಯ್ತು ಕಣೇ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಮಗಳ ಕೈ ತೊಳೆಸಿ ತಾರಸಿಗೆ ಕರೆದುಕೊಂಡು ಹೋದೆ. ಹಿಂದಿನ ದಿನ ಹಾಕಿದ ಸಂಡಿಗೆ ಒಣಗಿ ಪಂಚೆಗೆ ಅಂಟಿಕೊಂಡಿತ್ತು. ಪಂಚೆಯನ್ನು ಮಗುಚಿ, ಹಿಂಬದಿಗೆ ನೀರು ಚಿಮುಕಿಸಿದೆ. ನೀರು ಇಳಿಯುವವರೆಗೆ ಕಾಯಬೇಕು. ಅವಸರಪಟ್ಟು ಕಿತ್ತರೆ ಸಂಡಿಗೆ ಮುರಿಯುತ್ತದೆ. ಇಬ್ಬರೂ ಎದುರು ಬದುರು ಕುಳಿತು ಒಂದೊಂದಾಗಿ ಬಿಡಿಸತೊಡಗಿದೆವು. ಅವಳು ಬಿಡಿಸಿದ್ದನ್ನು ಮೊರದಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ನಾನು ಏನನ್ನೂ ಕೇಳಲಿಲ್ಲ. ಮೊದಲನೆಯ ಪಂಚೆ ಮುಗಿಯಿತು. ಎರಡನೆಯದಕ್ಕೆ ನೀರು ಚಿಮುಕಿಸಿದೆ. ಕೆಳಗೆ ಓಣಿಯಲ್ಲಿ ಯಾರೋ ಇನ್ನೂ ಜಗಳವಾಡುತ್ತಿದ್ದರು.

ಎಂಟು ತಿಂಗಳಿಂದ ನಾನು ಯಾರಿಗೂ ಹೇಳದ ಒಂದು ಮಾತಿತ್ತು. ಪ್ರಶ್ನೆಯಲ್ಲದ್ದರಿಂದ ಅದು ಯಾವ ಲೆಕ್ಕಕ್ಕೂ ಬಂದಿರಲಿಲ್ಲ.

"ಶಾಂಬೂ," ಎಂದೆ, "ಪಾಪುನ ನಾನು ನೋಡಿದೆ. ಒಂದೇ ಸಲ ತೋರಿಸಿದ್ರು. ತಲೆ ತುಂಬಾ ಕೂದಲಿತ್ತು. ಮೂಗು ನಿಮ್ಮಪ್ಪಂದು. ಕಿವಿ ಮಾತ್ರ ನಿನ್ನ ಥರಾನೇ, ಪುಟ್ಟದು, ತುದಿ ಸ್ವಲ್ಪ ಮಡಚಿಕೊಂಡಿತ್ತು."

ಅವಳ ಕೈ ನಿಂತಿತು. "ಕಿವಿ ಬಂದಿತ್ತು," ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

"ಹೂಂ ಕಂದಾ. ಎರಡೂ ಬಂದಿತ್ತು."

ಅವಳು ಕೈಯಲ್ಲಿದ್ದ ಸಂಡಿಗೆಯನ್ನು ಮೊರಕ್ಕೆ ಹಾಕಲಿಲ್ಲ. ತುಂಬ ಹೊತ್ತು ಅದನ್ನೇ ನೋಡುತ್ತಿದ್ದಳು. ನಾನು ಇನ್ನೊಂದನ್ನು ಬಿಡಿಸಿದೆ, ಮತ್ತೊಂದನ್ನು ಬಿಡಿಸಿದೆ. ಬಿಸಿಲು ನೆತ್ತಿಯ ಮೇಲಿತ್ತು. ಆಮೇಲೆ ಅವಳು ಪಂಚೆಯನ್ನು ಬಳಸಿಕೊಂಡು ನನ್ನ ಬಳಿ ಬಂದು, ಮುಖ ತೋರಿಸದೆ, ನನ್ನ ಬೆನ್ನಿಗೆ ಹಣೆ ಒತ್ತಿ ನಿಂತಳು.

"ನೀನು ಮಲಗಿದ್ದಾಗ ಒಂದಿನ ನಿನ್ನ ಹೊಟ್ಟೆ ಹತ್ರ ಬಾಯಿಟ್ಟು, ನೀನು ಬರ್ಬೇಡ, ಅಮ್ಮ ನನಗೊಬ್ಬಳಿಗೇ ಅಂತ ಹೇಳಿದ್ದೆ," ಎಂದಳು. "ಅದು ಪಾಪುಗೆ ಕೇಳಿಸಿಬಿಡ್ತಾ, ಅಮ್ಮಾ?"